ಕೊಲ್ಲಿಯೊಳಗೆ, ದಕ್ಕೆಯ ಎದುರು

ನನ್ನ ತಮ್ಮ ಇಡ್ವಾಲ್ ಹನ್ನೊಂದು ವರ್ಷಗಳಿಂದ ಪ್ರತಿ ಶನಿವಾರ ನನಗೆ ಒಂದೇ ಸುಳ್ಳನ್ನು ಹೇಳುತ್ತಿದ್ದ. ನಾನು ಅದನ್ನು ಪ್ರತಿ ಶನಿವಾರ ದುಂಡು ಅಕ್ಷರದಲ್ಲಿ ಬರೆದಿಡುತ್ತಿದ್ದೆ. 'ಇಡ್ವಾಲ್. ಹಳದಿ ಕಯಾಕ್. ಒಬ್ಬನೇ. ಕೊಲ್ಲಿಯೊಳಗೆ, ದಕ್ಕೆಯ ಎದುರು.' ಇಷ್ಟರಲ್ಲಿ ಕೊನೆಯ ಸಾಲೊಂದನ್ನು ಬಿಟ್ಟು ಉಳಿದದ್ದೆಲ್ಲ ನಿಜ.

ಪೋರ್ತ್ ಹೆಲಿಗ್ ಊರಿನ ಮೇಲಿನ ಗುಡ್ಡದಲ್ಲಿ ಒಂದು ಕಾವಲು ಗುಡಿಸಲಿದೆ. ನಾಲ್ಕು ಗೋಡೆ, ಸಮುದ್ರದ ಕಡೆಗೊಂದು ದೊಡ್ಡ ಕಿಟಕಿ, ಒಂದು ದುರ್ಬೀನು, ಒಂದು ರೇಡಿಯೊ, ಒಂದು ದಾಖಲೆ ಪುಸ್ತಕ, ಎಂದೂ ಸರಿಯಾಗಿ ಕುದಿಯದ ಒಂದು ಕೆಟಲ್. ನಾವು ಊರಿನವರು ಸರದಿಯ ಮೇಲೆ ಸಂಬಳವಿಲ್ಲದೆ ಅಲ್ಲಿ ಕೂತು ಕಡಲಿಗಿಳಿದವರ ಮೇಲೆ ಕಣ್ಣಿಡುತ್ತೇವೆ. ಶನಿವಾರ ಬೆಳಿಗ್ಗೆ ನನ್ನ ಪಾಳಿ. ವಾರದ ಐದು ದಿನ ಶಾಲೆಯ ಅಡುಗೆಮನೆಯಲ್ಲಿ ನೂರನಲವತ್ತು ಮಕ್ಕಳಿಗೆ ಬೇಯಿಸಿ, ಅರವತ್ತನಾಲ್ಕರ ಈ ಮಂಡಿಗಳನ್ನು ಹೊತ್ತು ಶನಿವಾರ ಮತ್ತೆ ಗುಡ್ಡ ಹತ್ತುವುದು ಯಾಕೆ ಎಂದರೆ, ಇಡ್ವಾಲ್ ಶನಿವಾರ ಕಡಲಿಗೆ ಇಳಿಯುತ್ತಾನೆ. ಅವನನ್ನು ಕೇಳಿದರೆ, ಅಕ್ಕನಿಗೆ ಮನೆಯಲ್ಲಿ ಬೇಜಾರು ಎನ್ನುತ್ತಾನೆ.

ನನ್ನ ಜೊತೆ ಪಾಳಿಯಲ್ಲಿರುವವರು ಸೆಲ್ವಿನ್. ಅಂಚೆ ಕಚೇರಿಯಿಂದ ನಿವೃತ್ತರಾದವರು. ಭಾನುವಾರ ಅವರೂ ತಮ್ಮ ಪುಟ್ಟ ದೋಣಿ ತೆಗೆದುಕೊಂಡು ಮೀನಿಗೆ ಹೋಗುತ್ತಾರೆ. ಅವರೂ 'ಕೊಲ್ಲಿಯೊಳಗೆ' ಎಂದೇ ಬರೆಸುತ್ತಾರೆ.

ನಮ್ಮೂರಿನಲ್ಲಿ ಮೀನು ಸಿಗುವ ಜಾಗವನ್ನು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಒಬ್ಬರ ಒಳಉಡುಪಿನ ಅಳತೆ ಕೇಳಿದರೂ ಕೇಳಬಹುದು, ಇದನ್ನು ಕೇಳುವ ಹಾಗಿಲ್ಲ. ರೇಡಿಯೊದಲ್ಲಂತೂ ಬಾಯಿ ಬಿಡುವ ಮಾತೇ ಇಲ್ಲ. ಅರ್ಧ ಊರು ಅಡುಗೆಮನೆಯಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಆದ್ದರಿಂದ ಎಲ್ಲರೂ ಕೊಲ್ಲಿಯೊಳಗೇ ಇರುತ್ತಾರೆ. ದುರ್ಬೀನಿನಲ್ಲಿ ನೋಡಿದರೆ ದೋಣಿ ಕಟ್ಟುವ ದಕ್ಕೆಯ ಎದುರು ಎರಡು ಬಾತುಕೋಳಿ ಬಿಟ್ಟರೆ ನರಪಿಳ್ಳೆ ಇರುವುದಿಲ್ಲ. ನಾನು ನೋಡುತ್ತೇನೆ, ಸೆಲ್ವಿನ್ ನೋಡುತ್ತಾರೆ, ಇಬ್ಬರೂ ಚಹಾ ಕುಡಿಯುತ್ತೇವೆ.

ಇಡ್ವಾಲನ ಜಾಗ ನಮ್ಮ ಅಪ್ಪನದು. ಅವನಿಗೆ ಹದಿನಾರು ತುಂಬಿದ ದಿನ ಅಪ್ಪ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದರು. ಆಗ ನನಗೆ ಇಪ್ಪತ್ತು. ಇಬ್ಬರಿಗೂ ಬುತ್ತಿ ಕಟ್ಟಿಕೊಟ್ಟವಳು ನಾನು. ಹೆಣ್ಣಿಗೆ ಹೇಳಿದರೆ ಜಾಗ ಮದುವೆಯಾಗಿ ಇನ್ನೊಬ್ಬರ ದೋಣಿಗೆ ಹೋಗುತ್ತದೆ ಎಂಬುದು ಅಪ್ಪನ ಲೆಕ್ಕ. ನಾನು ಮದುವೆಯಾದದ್ದು ಬಸ್ ಓಡಿಸುವವನನ್ನು. ಅವನಿಗೆ ಮೀನಿನ ವಾಸನೆಗೇ ಮೈ ದದ್ದು ಏಳುತ್ತಿತ್ತು. ಆದರೂ ಅಪ್ಪ ಹೇಳಲಿಲ್ಲ. ಸಾಯುವ ಮುಂಚೆ ನಾಲ್ಕು ತಿಂಗಳು ಅವರಿಗೆ ಗಂಜಿ ಕುಡಿಸಿದವಳು ನಾನು, ಆಗಲೂ ಹೇಳಲಿಲ್ಲ. ಇದು ನನಗೆ ನೋವಿನ ವಿಷಯ. ಮೀನು ನನಗೆ ಬೇಕಾಗಿರಲಿಲ್ಲ, ಹೇಳುವುದು ಬೇಕಿತ್ತು.

ಇಡ್ವಾಲ್ ಮೂವತ್ತು ವರ್ಷ ಫೆರಿಯ ಎಂಜಿನ್ ಕೋಣೆಯಲ್ಲಿ ದುಡಿದು, ಬೆನ್ನು ಕೆಟ್ಟು ಮನೆಗೆ ಬಂದ ಮೇಲೆ ಒಬ್ಬನೇ ಕೂತು ಹುಟ್ಟು ಹಾಕುವ ಒಂದು ಹಳದಿ ಪ್ಲಾಸ್ಟಿಕ್ ಕಯಾಕ್ ತಂದ. ಎರಡು ಗಾಳ, ಒಂದು ಲಂಗರು, ಒಂದು ಹುಟ್ಟು, ಅವನು. ಆ ಬಾಳೆಹಣ್ಣಿನಂಥ ವಸ್ತುವಿನ ಮೇಲೆ ಕೂತು ನಡುಗಡಲಿಗೆ ಹೋಗುತ್ತೇನೆಂದು ಅವನು ಹೇಳಿದ ದಿನವೇ ನಾನು ಒಂದು ಕೈರೇಡಿಯೊ ತಂದು ಮೇಜಿನ ಮೇಲಿಟ್ಟೆ. ಗಂಟೆಗೊಮ್ಮೆ ಗುಡಿಸಲಿಗೆ ಮಾತಾಡಬೇಕು, ಇಲ್ಲದಿದ್ದರೆ ನನ್ನ ಮನೆಯಲ್ಲಿ ಊಟವಿಲ್ಲ ಎಂದೆ. ಊಟದ ಮಾತಿಗೆ ಅವನು ಬಗ್ಗಿದ.

ಆದರೆ ಆ ರೇಡಿಯೊವನ್ನು ಅವನು ಇಟ್ಟುಕೊಳ್ಳುತ್ತಿದ್ದದ್ದು ಬುತ್ತಿಯ ಡಬ್ಬಿಯಲ್ಲಿ. ಬೇಕನ್ ಸ್ಯಾಂಡ್‌ವಿಚ್ಚಿನ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿ ಮತ್ತೆ ಮಲಗಿಸುತ್ತಿದ್ದ.

"ಉಪ್ಪುನೀರು ತಾಗಿದ್ರೆ ಹಾಳಾಗುತ್ತೆ ಕಣಕ್ಕಾ."

"ನೀರಿಗೆ ಬೀಳೋಕಂತಲೇ ಮಾಡಿರೋದು ಕಣೋ ಅದನ್ನ! ನೀನು ಮಗುಚಿಕೊಂಡು, ನಿನ್ನ ಬಾಳೆಹಣ್ಣು ಗಾಳಿಗೆ ಹೊರಟುಹೋದ್ರೆ ಏನು ಮಾಡ್ತೀಯ? ಸ್ಯಾಂಡ್‌ವಿಚ್ಚು ನಮಗೆ ಫೋನ್ ಮಾಡುತ್ತಾ?"

"ನಾನ್ಯಾಕೆ ಮಗುಚಿಕೊಳ್ಳಲಿ?"

ಎರಡು ವರ್ಷ ಈ ಜಗಳ ನಡೆಯಿತು. ಬಾಯಿ ನೋವು ಬಂದು, ಕೊನೆಗೆ ನನ್ನ ಹಳೆಯ ದಪ್ಪಬಟ್ಟೆಯ ಏಪ್ರನ್ ಕತ್ತರಿಸಿ ಅವನ ಲೈಫ್ ಜಾಕೆಟ್ಟಿನ ಎದೆಗೆ ಒಂದು ಜೇಬು ಹೊಲಿದೆ, ರೇಡಿಯೊವನ್ನು ದಾರದಿಂದ ಅದಕ್ಕೆ ಬಿಗಿದೆ. ಹಸುವಿಗೆ ಗಂಟೆ ಕಟ್ಟಿದ ಹಾಗಾಯಿತು ಎಂದು ಗೊಣಗಿಕೊಂಡು ಹಾಕಿಕೊಂಡ. ಜೇಬಿನ ಮೇಲೆ ಶಾಲೆಯ ಹೆಸರಿನ ಅರ್ಧ ಭಾಗ ಉಳಿದಿತ್ತು, ದಕ್ಕೆಯ ಮೇಲೆ ಎಲ್ಲರೂ ನಕ್ಕರು.

ಇಡ್ವಾಲ್ ಸೋಮಾರಿ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಮನೆಯ ಬಾಗಿಲಿನ ತಿರುಗಣಿ ಕಿರುಗುಟ್ಟಲು ಶುರುವಾಗಿ ಆರು ವರ್ಷ, ಒಂದು ತೊಟ್ಟು ಎಣ್ಣೆ ಹಾಕಿಲ್ಲ. ಆದರೆ ಪ್ರತಿ ಏಪ್ರಿಲ್‌ನಲ್ಲಿ ಗುಡಿಸಲಿಗೆ ಸುಣ್ಣ ಬಳಿಯುವ ದಿನ, ಯಾರೂ ಕರೆಯದಿದ್ದರೂ ಅವನು ಬ್ರಷ್ಷು ಹಿಡಿದು ಎಲ್ಲರಿಗಿಂತ ಮುಂಚೆ ಬಂದಿರುತ್ತಿದ್ದ. ಸಮುದ್ರದ ಕಡೆಯ ಗೋಡೆಯನ್ನು ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಎರಡು ಕೈ, ಮೂರು ಕೈ ಬಳಿಯುತ್ತಿದ್ದ. ಅಕ್ಕ ಕೂರುವ ಜಾಗ ಎಂದು ಒಳಗೊಳಗೇ ಪ್ರೀತಿ ಇರಬೇಕು ಎಂದುಕೊಂಡು, ಆ ಒಂದು ದಿನ ಅವನ ಮೇಲಿನ ಸಿಟ್ಟನ್ನೆಲ್ಲ ಮರೆಯುತ್ತಿದ್ದೆ.

ಇನ್ನೊಂದು ವಿಷಯ. ಕೊಲ್ಲಿಯ ಪಶ್ಚಿಮಕ್ಕೆ 'ಮೂಗು' ಎಂದು ಕರೆಯುವ ಬಂಡೆಯ ಚಾಚು ಇದೆ. ಅದರಾಚೆ ಹೋದವರ ಮಾತು ನಮಗೆ ಕೇಳುವುದಿಲ್ಲ. ಕೈರೇಡಿಯೊದ ದನಿ ನೇರ ಹೋಗುತ್ತದೆ, ಬಂಡೆಯನ್ನು ಸುತ್ತಿ ಬರಲು ಅದಕ್ಕೆ ಗೊತ್ತಿಲ್ಲ. ಮೂಗಿನ ತುದಿಗೂ ಅದರೆದುರಿನ ಕುರಿನಡುಗಡ್ಡೆಗೂ ನಡುವೆ ಒಂದು ಕಿರಿದಾದ ಸಂದು ಇದೆ. ರಕ್ಷಣಾ ದೋಣಿಯವರು ಅಭ್ಯಾಸಕ್ಕೆ ಹೋದಾಗ ಮೂಗಿನಾಚೆ ಅವರ ದನಿ ಸತ್ತುಹೋಗುತ್ತದೆ, ಸಂದಿನ ನೇರಕ್ಕೆ ಬಂದಾಗ ಒಂದು ಕ್ಷಣ ಜೀವ ಬರುತ್ತದೆ, ಮತ್ತೆ ಸಾಯುತ್ತದೆ. ಇಡ್ವಾಲನ ದನಿ ಒಂಬತ್ತು ಗಂಟೆಗೆ ದಪ್ಪಗೆ ಬರುತ್ತಿತ್ತು. ಹತ್ತಕ್ಕೆ ಮತ್ತು ಹನ್ನೊಂದಕ್ಕೆ ತೆಳ್ಳಗೆ, ತವರದ ಡಬ್ಬಿಯೊಳಗಿಂದ ಬಂದ ಹಾಗೆ, ಆದರೆ ಒಂದು ಅಕ್ಷರವೂ ತುಂಡಾಗದೆ ಬರುತ್ತಿತ್ತು. ಹಾಗೆ ಬರಲು ಮೂಗಿನಾಚೆ ಇರುವುದು ಒಂದೇ ಗೆರೆ, ಗುಡಿಸಲಿನಿಂದ ಸಂದಿನ ಮೂಲಕ ಹೋಗುವುದು. ಅವನು ಹೇಳದಿದ್ದರೂ ಅಷ್ಟು ನನಗೆ ಗೊತ್ತಾಗಿತ್ತು. ದುರ್ಬೀನನ್ನು ಎಷ್ಟೋ ಸಲ ಆ ಸಂದಿಗೆ ತಿರುಗಿಸಿ ನೋಡಿದ್ದೇನೆ. ಮೂರು ಮೈಲಿ ದೂರದ ಅಲೆಗಳ ನಡುವೆ ಕಯಾಕ್ ಕಾಣುವುದಿಲ್ಲ. ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮೇ ತಿಂಗಳ ಆ ಶನಿವಾರ ಬೆಳಿಗ್ಗೆ ಕೊಲ್ಲಿಯ ಮೇಲೆ ಮಂಜಿತ್ತು. ದಕ್ಕೆಯ ತುದಿಯೇ ಕಾಣುತ್ತಿರಲಿಲ್ಲ.

"ನಾಳೆ ಮಂಜು ಬೀಳುತ್ತಂತೆ, ದೂರ ಹೋಗಬೇಡ ಕಣೋ," ಎಂದು ಹಿಂದಿನ ಸಂಜೆಯೇ ಹೇಳಿದ್ದೆ.

"ನಾನೆಲ್ಲಿ ದೂರ ಹೋಗ್ತೀನಿ? ಯಾವಾಗಲೂ ಕೊಲ್ಲಿಯೊಳಗೇ ಇರ್ತೀನಲ್ಲ," ಎಂದು ಹಲ್ಲುಕಿರಿದಿದ್ದ.

ಒಂಬತ್ತಕ್ಕೆ ಮಾತಾಡಿದ. ಹತ್ತಕ್ಕೆ ಮಾತಾಡಿದ. "ಕೊಲ್ಲಿಯೊಳಗೆ, ದಕ್ಕೆಯ ಎದುರು. ಎಲ್ಲಾ ಆರಾಮ. ಓವರ್." ನಾನು ಬರೆದುಕೊಂಡೆ. ಹನ್ನೊಂದಕ್ಕೆ ದನಿ ಬರಲಿಲ್ಲ.

ಐದು ನಿಮಿಷ ಕಾದೆ. ನಾನೇ ಕರೆದೆ. ಮೂರು ಸಲ, ನಾಲ್ಕು ಸಲ. ಗುಂಡಿಯಿಂದ ಬೆರಳು ತೆಗೆದಾಗಲೆಲ್ಲ ಬರೀ ಸರಸರ ಸದ್ದು. ಸೆಲ್ವಿನ್ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು.

"ಬ್ಯಾಟರಿ ಮುಗಿದಿರಬಹುದು, ನೆಸ್ಟಾ."

"ನಿನ್ನೆ ರಾತ್ರಿ ಚಾರ್ಜಿಗೆ ಹಾಕಿದವಳು ನಾನು."

ಕರಾವಳಿ ಕಾವಲು ಪಡೆಗೆ ಫೋನ್ ಮಾಡಿದೆ. ಆ ಕಡೆ ಒಬ್ಬ ಹುಡುಗಿ, ತಾಳ್ಮೆಯ ದನಿ. ಹೆಸರು, ವಯಸ್ಸು, ಬಟ್ಟೆ, ಕಯಾಕಿನ ಬಣ್ಣ ಎಲ್ಲ ಕೇಳಿದಳು. ಆಮೇಲೆ ಕೇಳಿದಳು: "ಕೊನೇ ಸಲ ಎಲ್ಲಿದ್ದೀನಿ ಅಂತ ಹೇಳಿದ್ರು?"

ಪುಸ್ತಕ ನನ್ನ ಮುಂದೆ ತೆರೆದಿತ್ತು. ನನ್ನದೇ ದುಂಡು ಅಕ್ಷರ. ಸುತ್ತಮುತ್ತ ಇದ್ದದ್ದು ಒಂದೇ ರಕ್ಷಣಾ ದೋಣಿ. ಎರಡನೆಯದು ಬರಲು ಒಂದು ಗಂಟೆ ಬೇಕು. ಆ ಮಂಜಿನಲ್ಲಿ ಕೊಲ್ಲಿಯನ್ನು ಜಾಲಾಡಲು ಇನ್ನೊಂದು ಗಂಟೆ. ಹನ್ನೊಂದು ಡಿಗ್ರಿಯ ನೀರಿನಲ್ಲಿ ಅರವತ್ತು ವರ್ಷದ ಮನುಷ್ಯನಿಗೆ ಅಷ್ಟು ಗಂಟೆಗಳು ಇರುವುದಿಲ್ಲ. ಸುಳ್ಳೆಂದು ಹೇಳಿಬಿಡೋಣ ಎಂದರೆ ಇನ್ನೊಂದು ಭಯ. ಮಂಜಿದೆ ಎಂದು ಅವನು ಇವತ್ತೊಂದು ದಿನ ಅಕ್ಕನ ಮಾತು ಕೇಳಿಬಿಟ್ಟಿದ್ದರೆ? ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದ್ದರೆ? ಆಗ ದೋಣಿಯನ್ನು ತಪ್ಪು ಕಡೆ ಕಳಿಸಿ ಅವನನ್ನು ಕೊಂದವಳು ನಾನೇ ಆಗುತ್ತೇನೆ.

ಕಣ್ಣು ಮುಚ್ಚಿ ಹತ್ತು ಗಂಟೆಯ ದನಿಯನ್ನು ನೆನಪಿಸಿಕೊಂಡೆ. ಎಲ್ಲಾ ಆರಾಮ. ಓವರ್. ತೆಳ್ಳಗೆ, ಡಬ್ಬಿಯೊಳಗಿಂದ.

"ಪುಸ್ತಕದಲ್ಲಿ ಕೊಲ್ಲಿಯೊಳಗೆ ಅಂತ ಇದೆ," ಎಂದೆ. "ಅದು ಸುಳ್ಳು. ಸುಳ್ಳು ಅಂತ ಗೊತ್ತಿದ್ದೇ ಬರೆದವಳು ನಾನು. ಅವನು ಮೂಗಿನಾಚೆ ಇದ್ದಾನೆ. ನಮ್ಮ ಗುಡಿಸಲಿಂದ ಸಂದಿನ ಮೂಲಕ ಒಂದು ನೇರ ಗೆರೆ ಎಳೀರಿ, ಹತ್ತು ಗಂಟೆಗೆ ಆ ಗೆರೆ ಮೇಲಿದ್ದ. ಹತ್ತೂಕಾಲಿಂದ ನೀರಿನ ಇಳಿತ ಶುರುವಾಗಿದೆ. ಸೆಳೆತ ಪಶ್ಚಿಮಕ್ಕೆ."

"ಖಚಿತಾನಾ?"

"ನನ್ನ ತಮ್ಮ ಅವನು. ಖಚಿತ."

ಖಚಿತವಿರಲಿಲ್ಲ. ಫೋನ್ ಇಟ್ಟಾಗ ಸೆಲ್ವಿನ್ ನನ್ನನ್ನೇ ನೋಡುತ್ತಿದ್ದರು.

"ಸಂದಿನ ಗೆರೆ," ಎಂದರು ಮೆಲ್ಲಗೆ. "ಇಷ್ಟು ವರ್ಷ ನಾನು ಉತ್ತರಕ್ಕೆ ಹುಡುಕ್ತಿದ್ದೆ."

"ಸೆಲ್ವಿನ್, ಈಗ ನೀವು ಇನ್ನೊಂದು ಮಾತಾಡಿದ್ರೆ ಕೆಟಲ್ ಎತ್ತಿ ತಲೆ ಮೇಲೆ ಹಾಕ್ತೀನಿ."

ಪಾಪ, ಅವರು ಎದ್ದು ಬಂದು ತಮ್ಮ ಕೋಟನ್ನು ನನ್ನ ಹೆಗಲಿಗೆ ಹೊದಿಸಿ, ಮತ್ತೆ ದುರ್ಬೀನಿಗೆ ಕಣ್ಣಿಟ್ಟು ಕೂತರು.

ದೋಣಿ ಹೊರಟಿತು. ಅದರ ಚುಕ್ಕಾಣಿ ಹಿಡಿದದ್ದು ಹೆಲೆಡ್, ಊರಿನ ಗ್ಯಾರೇಜ್ ನಡೆಸುವ ಹೆಣ್ಣುಮಗಳು. ಶಾಲೆಯಲ್ಲಿ ನನ್ನ ಕೈಯ ಸಾರು ಉಂಡು ಬೆಳೆದವಳು. ಮೂಗನ್ನು ದಾಟುವವರೆಗೆ ಅವಳ ಮಾತು ಕೇಳುತ್ತಿತ್ತು, ಆಮೇಲೆ ಸತ್ತಿತು. ಸಂದಿನ ನೇರಕ್ಕೆ ಬಂದಾಗ, "ಇಲ್ಲಿ ಏನೂ ಕಾಣ್ತಿಲ್ಲ, ಪಶ್ಚಿಮಕ್ಕೆ ಹೋಗ್ತಿದ್ದೀವಿ," ಎಂದದ್ದು ಕೇಳಿತು, ಮತ್ತೆ ಸತ್ತಿತು. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ನಾನು ದೇವರನ್ನು ನೆನೆಯಲಿಲ್ಲ. ಅಪ್ಪನನ್ನು ಬೈದೆ. ಸತ್ತವರನ್ನು ಬೈಯಬಾರದು, ಆದರೂ ಬೈದೆ. ಒಂದು ಮಾತು ನನಗೂ ಹೇಳಿದ್ದರೆ ನಿಮ್ಮ ಮೀನೇನು ಸವೆದುಹೋಗುತ್ತಿತ್ತಾ ಎಂದು.

ಫೋನ್ ಬಂದದ್ದು ಕಾವಲು ಪಡೆಯ ಹುಡುಗಿಯಿಂದ. ಸಿಕ್ಕಿದ್ದಾನೆ. ಜೀವ ಇದೆ.

ಆದದ್ದು ಇಷ್ಟು. ಮಂಜು ಒಂದು ಗಳಿಗೆ ಸರಿದಾಗ ಅವನು ಜಾಗ ಹಿಡಿದು ಲಂಗರು ಹಾಕಿದ್ದ. ಲಂಗರಿನ ಹಗ್ಗ ಪಕ್ಕಕ್ಕೆ ಸಿಕ್ಕಿಕೊಂಡು, ಒಂದು ಅಲೆಗೆ ಕಯಾಕ್ ಮಗುಚಿತು. ಕಾಲಿಗೆ ಸುತ್ತಿದ್ದ ಹಗ್ಗವನ್ನು ಅವನು ಕತ್ತರಿಸಿಕೊಂಡ. ಕಯಾಕ್ ಬುತ್ತಿಯ ಡಬ್ಬಿಯ ಸಮೇತ ಹೊರಟುಹೋಯಿತು. ಅವನ ಕೈ ರೇಡಿಯೊ ಮುಟ್ಟುವಷ್ಟರಲ್ಲಿ ಇಳಿತ ಅವನನ್ನು ಸಂದಿನ ಗೆರೆಯಿಂದ ಎಳೆದುಕೊಂಡು ಹೋಗಿ ಕಡಿದಾದ ಬಂಡೆಗಳ ಕೆಳಗೆ ಬಿಟ್ಟಿತು. ಅಲ್ಲಿಂದ ಅವನ ಕರೆ ಯಾರಿಗೂ ತಲುಪುವಂತಿರಲಿಲ್ಲ. ಆದರೂ ಎದೆಯ ಮೇಲಿನ ಏಪ್ರನ್ ಜೇಬಿನಲ್ಲಿದ್ದ ರೇಡಿಯೊವನ್ನು ಒತ್ತಿ ಒತ್ತಿ ಕರೆಯುತ್ತಲೇ ಇದ್ದ. ಹೆಲೆಡ್‌ಳ ದೋಣಿ ಆ ಬಂಡೆಯ ತಿರುವು ದಾಟಿದ ಕೂಡಲೇ ಅವಳ ರೇಡಿಯೊ ಮಾತಾಡಿತಂತೆ. ಕಣ್ಣಿಗೆ ಕಾಣುವ ಮುಂಚೆ ಕಿವಿಗೆ ಸಿಕ್ಕಿದ. ಎಪ್ಪತ್ತು ನಿಮಿಷ ನೀರಿನಲ್ಲಿದ್ದ.

"ದೋಣಿಗೆ ಎಳೆದುಕೊಂಡಾಗ ಏನಂದ ಗೊತ್ತಾ ನೆಸ್ಟಾ ಆಂಟಿ?" ಎಂದು ಹೆಲೆಡ್ ಆಮೇಲೆ ಹೇಳಿದಳು. "ಹಲ್ಲು ಕಟಕಟ ಅಂತಿದೆ, ತುಟಿ ನೀಲಿ. 'ಜಾಗ ಯಾರು ಹೇಳಿದ್ರು?' ಅಂದ. ವಾಪಸ್ಸು ನೀರಿಗೆ ತಳ್ಳಬೇಕು ಅನ್ನಿಸಿತು."

ಆಸ್ಪತ್ರೆಯಿಂದ ಎರಡು ದಿನದಲ್ಲಿ ಬಂದ. ಮೂರು ವಾರ ನನ್ನೊಡನೆ ಮಾತಾಡಲಿಲ್ಲ. ಊಟಕ್ಕೆ ಬರುತ್ತಿದ್ದ, ತಟ್ಟೆ ನೋಡಿಕೊಂಡು ತಿನ್ನುತ್ತಿದ್ದ, ಹೋಗುತ್ತಿದ್ದ. ನಾನೂ ಮಾತಾಡಿಸಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಒಂದಿಷ್ಟು ಶಕ್ತಿ ಬೇಕು, ನನ್ನಲ್ಲಿ ಉಳಿದಿರಲಿಲ್ಲ. ಶಾಲೆಗೆ ಹೋದೆ, ಆಲೂಗಡ್ಡೆ ಸುಲಿದೆ, ಮನೆಗೆ ಬಂದೆ. ಗುಡಿಸಲಿನ ಮುಖ್ಯಸ್ಥರಿಗೆ ಪತ್ರ ಬರೆದು, ಪುಸ್ತಕದಲ್ಲಿ ಹನ್ನೊಂದು ವರ್ಷ ಸುಳ್ಳು ಬರೆದಿದ್ದೇನೆ, ತೆಗೆದುಹಾಕುವುದಾದರೆ ಹಾಕಿ ಎಂದೆ. ನಿಮ್ಮನ್ನು ತೆಗೆದರೆ ಊರಿನ ಎಲ್ಲರನ್ನೂ ತೆಗೆಯಬೇಕಾಗುತ್ತದೆ, ಸುಮ್ಮನೆ ಪಾಳಿಗೆ ಬನ್ನಿ ಎಂದು ಉತ್ತರ ಬಂತು.

ಆ ಮೂರು ವಾರವೂ ಭಾನುವಾರ ಬಂತೆಂದರೆ ಮೂಗಿನಾಚೆ ಜಾತ್ರೆ. ಹೆಲೆಡ್‌ಳ ದೋಣಿಯವರ ಬಾಯಿಂದ ಊರಿಗೆಲ್ಲ ಗೊತ್ತಾಗಿ, ಇಡ್ವಾಲ್ ಸಿಕ್ಕ ಬಂಡೆಯ ಕೆಳಗೆ ಐದಾರು ಕಯಾಕುಗಳು. ಸೆಲ್ವಿನ್ ಒಬ್ಬರೇ ಬುದ್ಧಿವಂತರಾಗಿ ಸಂದಿನ ಗೆರೆಯುದ್ದಕ್ಕೂ ಗಾಳ ಎಳೆದುಕೊಂಡು ಹೋಗಿ ಬರುತ್ತಿದ್ದರು. ಎರಡು ಮೈಲಿ ಹೋಗುವುದು, ಎರಡು ಮೈಲಿ ಬರುವುದು. ಒಬ್ಬರಿಗೂ ಒಂದು ಬಂಗುಡೆಗಿಂತ ಹೆಚ್ಚಿಗೆ ಸಿಗಲಿಲ್ಲ.

ನಾಲ್ಕನೇ ವಾರದ ಒಂದು ಸಂಜೆ ಇಡ್ವಾಲ್ ಊಟ ಮುಗಿಸಿ ಏಳಲಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಹೋಗಿ ಬಾಗಿಲಿನ ತಿರುಗಣಿ ಬಿಚ್ಚಿದ. ಎಣ್ಣೆ ಹಾಕಿದ. ಮತ್ತೆ ಕೂಡಿಸಿದ. ಬಾಗಿಲು ಸದ್ದಿಲ್ಲದೆ ಮುಚ್ಚಿತು. ಬಂದು ಮೇಜಿನ ಎದುರು ಕೂತ.

"ನಿಂಗೆ ಅಪ್ಪ ಹೇಳಿದ್ರಾ?"

"ಅಪ್ಪ ನನಗೆ ಏನು ಹೇಳಿದ್ದಾರೆ ಇಡ್ವಾಲ್? ಉಪ್ಪು ಕಮ್ಮಿ ಆಯ್ತು ಅಂತ ಹೇಳಿದ್ದಾರೆ."

"ಮತ್ತೆ ಹೇಗೆ ಗೊತ್ತಾಯ್ತು?"

ದನಿಯ ವಿಷಯ ಹೇಳಿದೆ. ಒಂಬತ್ತರ ದಪ್ಪ ದನಿ, ಹತ್ತರ ತೆಳು ದನಿ, ಸಂದು. ಹನ್ನೊಂದು ವರ್ಷ ಪ್ರತಿ ಶನಿವಾರ ಹೇಗೆ ಕೇಳಿಸಿಕೊಂಡಿದ್ದೆನೆಂದು.

"ಗೆರೆ ಸರಿ," ಎಂದ. "ಜಾಗ ಮಾತ್ರ ಯಾರಿಗೂ ಸಿಕ್ಕಿಲ್ಲ. ನಾನು ಸಿಕ್ಕಿದ್ದು ಅಲ್ಲಿಂದ ಒಂದು ಮೈಲಿ ಆಚೆ. ಗೆರೆ ಮೇಲೂ ಮೀನು ಸೇರೋ ಆ ನೀರೊಳಗಿನ ಬಂಡೆ ಈ ಅಡುಗೆಮನೆಯಷ್ಟೇ ಅಗಲ. ಸೆಲ್ವಿನ್ ಅದರ ಮೇಲೇ ಹತ್ತು ಸಲ ಹೋಗಿರ್ತಾರೆ."

ನಗು ಬಂತು, ಇಬ್ಬರಿಗೂ. ಹೆಚ್ಚು ಹೊತ್ತಿರಲಿಲ್ಲ.

"ಇಡ್ವಾಲ್, ನಂಗೆ ಸುಸ್ತಾಗಿದೆ ಕಣೋ. ಇನ್ನು ಮೇಲೆ ಪುಸ್ತಕದಲ್ಲಿ ಸುಳ್ಳು ಬರೆಯೋಕೆ ನನ್ನಿಂದಾಗಲ್ಲ. ನಿಜ ಹೇಳು, ಇಲ್ಲ ಇಳೀಲೇಬೇಡ."

"ರೇಡಿಯೊದಲ್ಲಿ ಹೇಳಕ್ಕಾಗಲ್ಲಕ್ಕಾ."

"ಹಾಗಾದ್ರೆ ಇಳೀಬೇಡ."

ಅವನು ಚಹಾದ ಲೋಟವನ್ನು ಮೇಜಿನ ನಡುವೆ ಇಟ್ಟ. ಉಪ್ಪಿನ ಡಬ್ಬಿಯನ್ನು ಒಂದು ಕಡೆಗೆ, ಬೆಣ್ಣೆಯ ತಟ್ಟೆಯನ್ನು ಇನ್ನೊಂದು ಕಡೆಗೆ ಸರಿಸಿದ. "ನೋಡು. ಲೋಟ ನಾನು. ಇಲ್ಲಿಂದ ನೋಡಿದ್ರೆ ಕಲ್ಲುಗಣಿ ಗುಡ್ಡದ ಹೆಗಲ ಮೇಲೆ ಚಾಪೆಲ್ಲಿನ ಗಂಟೆಗೂಡು ಕೂತಿರಬೇಕು. ಒಂದು ಕೂದಲೆಳೆ ಆಚೆ ಈಚೆ ಆಗಬಾರದು. ಅದು ಒಂದು ಗೆರೆ."

"ಇನ್ನೊಂದು?"

"ಇನ್ನೊಂದು…" ಅವನು ಬೆಣ್ಣೆಯ ತಟ್ಟೆಯನ್ನು ಬೆರಳಿನಿಂದ ತಿರುಗಿಸಿದ. "ಸಂದಿನ ನಟ್ಟನಡುವೆ ನಿನ್ನ ಗುಡಿಸಲಿನ ಬಿಳಿ ಗೋಡೆ ಕಾಣಬೇಕು. ಎರಡೂ ಒಟ್ಟಿಗೆ ಸಿಕ್ಕಿದ ಕಡೆ ಲಂಗರು ಹಾಕು ಅಂದಿದ್ರು ಅಪ್ಪ."

ಬಿಳಿ ಗೋಡೆ ಎಂದದ್ದಕ್ಕೆ ಏಪ್ರಿಲ್‌ನ ಬ್ರಷ್ಷು ನೆನಪಾಯಿತು.

"ಅದಕ್ಕಾ ಪ್ರತಿ ವರ್ಷ ಸುಣ್ಣ ಬಳಿಯೋಕೆ ಬರ್ತಿದ್ದದ್ದು?"

ಅವನ ಕಿವಿ ಕೆಂಪಾಯಿತು. "ಕೊಳೆಯಾದ್ರೆ ದೂರದಿಂದ ಕಾಣಲ್ಲ," ಎಂದ.

"ನಾನು ಅಕ್ಕನ ಮೇಲಿನ ಪ್ರೀತಿ ಅಂದುಕೊಂಡಿದ್ದೆ ಕಣೋ, ದರಿದ್ರದವನೇ!"

"ಮೂರು ಕೈ ಬಳೀತಿದ್ದೆ," ಎಂದ ಇಡ್ವಾಲ್ ತಟ್ಟೆ ನೋಡುತ್ತ. "ಜಾಗಕ್ಕೆ ಒಂದೇ ಕೈ ಸಾಕಿತ್ತು. ಮಂಜಿಲ್ಲದ ದಿನ ಅಲ್ಲಿಂದ ನಿನ್ನ ಕಿಟಕಿನೂ ಹೊಳೆಯುತ್ತೆ. ಕೂತಿದ್ದಾಳೆ ಅಂತ ಗೊತ್ತಾಗುತ್ತೆ."

ನನಗೆ ಅಳು ಬಂತು. ಈರುಳ್ಳಿ ಹೆಚ್ಚಿದ್ದೆ ಎಂದು ಹೇಳೋಣವೆಂದರೆ ಅವತ್ತಿನ ಅಡುಗೆಗೆ ಈರುಳ್ಳಿ ಹಾಕಿರಲಿಲ್ಲ, ಅವನಿಗೂ ಗೊತ್ತಿತ್ತು. ಸುಮ್ಮನೆ ಅತ್ತೆ. ನಲವತ್ತನಾಲ್ಕು ವರ್ಷ ತಡವಾಗಿ, ಉಪ್ಪಿನ ಡಬ್ಬಿ ಮತ್ತು ಬೆಣ್ಣೆಯ ತಟ್ಟೆಯ ನಡುವೆ, ಅಪ್ಪನ ಜಾಗ ನನಗೆ ಸಿಕ್ಕಿತು.

ಮುಂದಿನ ಶನಿವಾರ ಅವನು ಹೊಸ ಕಯಾಕಿನಲ್ಲಿ ಇಳಿದ. ಇದೂ ಹಳದಿಯೇ. ಒಂಬತ್ತಕ್ಕೆ ದಪ್ಪ ದನಿ ಬಂತು. ಹತ್ತಕ್ಕೆ ತೆಳು ದನಿ.

"ಗುಡಿಸಲು, ಇಡ್ವಾಲ್ ಮಾತಾಡ್ತಿರೋದು." ಸ್ವಲ್ಪ ಹೊತ್ತು ಸರಸರ. "ಎಲ್ಲಿದ್ದೀನಿ ಅಂತ ನಿಂಗೆ ಗೊತ್ತು. ಎಲ್ಲಾ ಆರಾಮ. ಓವರ್."

"ಗೊತ್ತು. ಓವರ್," ಎಂದೆ.

ಪುಸ್ತಕದಲ್ಲಿ ಬರೆದೆ: 'ಇಡ್ವಾಲ್. ಹಳದಿ ಕಯಾಕ್. ಒಬ್ಬನೇ. ಇರುವ ಜಾಗ: ಕಾವಲಿನವಳಿಗೆ ಗೊತ್ತು.' ಸೆಲ್ವಿನ್ ನನ್ನ ಹೆಗಲ ಮೇಲಿಂದ ಬಗ್ಗಿ ಓದಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟು ಚಹಾಕ್ಕೆ ನೀರಿಟ್ಟರು. ಮಂಡಿ ನೋಯುತ್ತಿತ್ತು. ಆದರೂ ಎದ್ದು, ಬಟ್ಟೆಯೊಂದನ್ನು ತೆಗೆದುಕೊಂಡು ಹೊರಗೆ ಹೋಗಿ, ಕಿಟಕಿಯ ಗಾಜಿನ ಮೇಲೆ ಕೂತಿದ್ದ ಉಪ್ಪನ್ನು ಚೆನ್ನಾಗಿ ಒರೆಸಿ ಬಂದು ಕೂತೆ.